ಮೊಲಕ್ಕೊಂದು ದೃಷ್ಟಿಬೊಟ್ಟು

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಧಾರಾವಾಹಿಯದೂ ಅಲ್ಲ, ಹೊಗಳುವ ಚಟ. ಕಣ್ಣಿಗೆ ಚೆಂದ ಕಂಡದ್ದನ್ನು ಚೆಂದ ಎನ್ನದೆ ಬಾಯಿ ಮುಚ್ಚಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ಹೂ ಮಾರುವವಳ ಮೂಗುಬೊಟ್ಟನ್ನು ಹೊಗಳುತ್ತ ನಿಂತು ಹೂ ಕೊಳ್ಳುವುದನ್ನೇ ಮರೆತು ಬಂದಿದ್ದೇನೆ. ಪಕ್ಕದ ಮನೆಯ ಸಾರಿನ ಒಗ್ಗರಣೆಯನ್ನು ಕಾಂಪೌಂಡಿನ ಈಚೆಯಿಂದಲೇ ಹೊಗಳುತ್ತೇನೆ. ಒಂದು ಬಟ್ಟಲು ಸಾರು ಬಂದರೆ, "ಅಯ್ಯೋ, ಅದಕ್ಕಲ್ರಿ ನಾ ಹೇಳಿದ್ದು" ಎನ್ನುತ್ತಲೇ ಕೈ ಚಾಚುತ್ತೇನೆ. ಇದಕ್ಕೆ ನಾನು ಮಾಡಿದ ಕೆಲಸವೂ ಕಾರಣವಿರಬೇಕು. ಶಿಕಾರಿಪುರದ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಲೇ ನಿವೃತ್ತಳಾದವಳು ನಾನು. ಒಂದನೇ ತರಗತಿಯ ಟೀಚರಿಗೆ ಸಂಬಳ ಕೊಡುವುದೇ ಹೊಗಳುವುದಕ್ಕೆ. 'ಅ' ಬರೆಯಲು ಹೋಗಿ ಕುಂಬಳಕಾಯಿ ಬರೆದ ಮಗುವಿಗೂ "ಶಭಾಷ್, ಎಷ್ಟು ದುಂಡಗೆ ಬರ್ದಿ!" ಎನ್ನಬೇಕು. ಹೇಳಿ ಹೇಳಿ ನಾಲಗೆ ಹಾಗೇ ಪಳಗಿಬಿಟ್ಟಿತು.

ಇಂಥ ನನಗೆ ದೇವರು ಒಬ್ಬ ಮೊಮ್ಮಗನನ್ನು ಕೊಟ್ಟ. ಕೊಟ್ಟವನು ಅಷ್ಟಕ್ಕೇ ಬಿಡಬಹುದಿತ್ತು. ಜೊತೆಗೆ ಗೌರಮ್ಮನವರನ್ನು ಬೀಗಿತ್ತಿಯಾಗಿ ಕೊಟ್ಟ.

ಗೌರಮ್ಮ ನನ್ನ ಮಗಳು ಸುಮಾಳ ಅತ್ತೆ. ಊರು ಜಡೆ. ಬಹಳ ಒಳ್ಳೆಯ ಹೆಂಗಸು. ಮಾತು ಎತ್ತರಿಸಿದವರಲ್ಲ, ಸೊಸೆಯನ್ನು ಕಡೆಗಣಿಸಿದವರಲ್ಲ. ಪ್ರತಿ ವರ್ಷ ನನಗೆಂದೇ ಒಂದು ಜಾಡಿ ಮಿಡಿ ಉಪ್ಪಿನಕಾಯಿ ಕಳಿಸುವವರನ್ನು ಕೆಟ್ಟವರು ಎಂದರೆ ನನ್ನ ಬಾಯಿಗೆ ಹುಳ ಬೀಳಲಿ. ಆದರೆ ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು: ಕೂಸನ್ನು ಯಾರೂ ಹೊಗಳಕೂಡದು. ಹೊಗಳಿದರೆ ದೃಷ್ಟಿ ತಾಗುತ್ತದೆ. ಅದರಲ್ಲೂ ಹೊರಗಿನವರ ದೃಷ್ಟಿಗಿಂತ ಮನೆಯವರ ದೃಷ್ಟಿ ಜೋರು, ಮನೆಯವರಲ್ಲೂ ಅಜ್ಜಿಯರದು ಇನ್ನೂ ಜೋರು.

ಮೊಮ್ಮಗ ಶಮಂತನನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲರೆದುರು ನಾನು ಬಾಯಿ ತುಂಬ, "ಬೆಣ್ಣೆ ಮುದ್ದಿ ಇದ್ದಂಗ ಐತಿ" ಎಂದೆ. ಕೂಸು ಆ ಹೊತ್ತಿಗೇ ರಚ್ಚೆ ಹಿಡಿಯಿತು. ಇನ್ನೊಮ್ಮೆ ಹೋದಾಗ, "ಮೈ ಕೈ ತುಂಬ್ಕೊಂಡಾನ" ಎಂದೆ. ಮಾರನೇ ದಿನ ನೆಗಡಿ. ಹಲ್ಲು ಬಂದಾಗ ಮಲ್ಲಿಗೆ ಮೊಗ್ಗಿಗೆ ಹೋಲಿಸಿದೆ. ಎಡವಿ ಬಿದ್ದು ತುಟಿ ಒಡೆದುಕೊಂಡ. ನನ್ನ ಹೊಗಳಿಕೆಗೂ ಅವನ ನೆಗಡಿಗೂ ಅದೇನು ನಂಟೋ, ಒಂದರ ಹಿಂದೆ ಇನ್ನೊಂದು ತಪ್ಪದೆ ಬರುತ್ತಿತ್ತು. ಗೌರಮ್ಮ ಜಗಳ ಆಡಲಿಲ್ಲ. "ಅಕ್ಕಾರೆ, ಹಂಗೆಲ್ಲ ಬಾಯಿಬಿಟ್ಟು ಅನ್ಬ್ಯಾಡ್ರಿ. ನಿಮ್ ಮನಸ್ಸು ಒಳ್ಳೇದು, ಆದ್ರೆ ಕಣ್ಣು ಸ್ವಲ್ಪ ಖಾರ" ಎಂದರು, ಅಷ್ಟೇ. ಅವರೇ ಮೊಮ್ಮಗನನ್ನು ಮಾತಾಡಿಸುವ ರೀತಿ ಕೇಳಬೇಕು ನೀವು. "ಬಾರೋ ಕಪಿ", "ಮೂಗು ನೋಡು, ಸುಟ್ಟ ಗೆಣಸು", "ಇದನ್ನ ಯಾರು ಎತ್ಕೊಂತಾರೆ, ಥೂ". ಮಗು ಕಿಲಕಿಲ ನಕ್ಕು ಅವರ ಸೆರಗಿನೊಳಗೆ ನುಗ್ಗುತ್ತದೆ. ನಾನು ಪಕ್ಕದಲ್ಲಿ ಕೂತು, "ಪರವಾಗಿಲ್ಲ, ಬೆಳದಾನ" ಎನ್ನುತ್ತೇನೆ. ನೀವೇ ಹೇಳಿ, ಪರವಾಗಿಲ್ಲ ಎನ್ನುವುದು ಮೊಮ್ಮಗನಿಗೆ ಹೇಳುವ ಮಾತೇ? ಎರಡು ವರ್ಷದ ಹೊಗಳಿಕೆ ಹೊಟ್ಟೆಯೊಳಗೇ ಕೂತು ನನಗೆ ಅಜೀರ್ಣವಾಗಿತ್ತು. ಒಂದೇ ಒಂದು ಸಲ ಗೌರಮ್ಮನವರ ಎದುರಿಗೇ, ಧೈರ್ಯವಾಗಿ, ಈ ಮಗು ಎಷ್ಟು ಚೆಂದ ಎಂದು ಹೇಳಿ ಸೈ ಅನ್ನಿಸಿಕೊಳ್ಳಬೇಕು ಎಂಬುದು ನನ್ನ ಬಾಳಿನ ದೊಡ್ಡ ಆಸೆಯಾಗಿತ್ತು. ನಗಬೇಡಿ. ಅವರವರ ಆಸೆ ಅವರವರಿಗೆ ದೊಡ್ಡದು.

ನಿಜ ಹೇಳಬೇಕೆಂದರೆ ಗೌರಮ್ಮ ಒಬ್ಬರೇ ಹೀಗಲ್ಲ. ನಮ್ಮ ಸೀಮೆಯೇ ಹೊಗಳಿಕೆಯಲ್ಲಿ ಜಿಪುಣ. ಹೊಸಬಾಳೆಯಲ್ಲಿ ನಮ್ಮ ನೆಂಟರೊಬ್ಬರ ಗದ್ದೆಯಿದೆ. ತೆನೆ ಜಗ್ಗಿ ನೆಲ ಮುಟ್ಟುತ್ತಿರುವಾಗ ಹೋಗಿ, "ಬೆಳಿ ಹೆಂಗೈತ್ರಿ?" ಎಂದು ಕೇಳಿದರೆ, "ಏನೋ ಬಂದೈತೆ, ಕೋಳಿಗಾದ್ರೂ ಆಗ್ತದೆ" ಎನ್ನುತ್ತಾರೆ. ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವೆ, ಲಾರಿಗೆ ಹಳೇ ಚಪ್ಪಲಿ ಕಟ್ಟುತ್ತೇವೆ, ಒಳ್ಳೆಯ ಕರುವಿಗೆ ಕರಿದಾರ ಕಟ್ಟುತ್ತೇವೆ. ಒಮ್ಮೆ ಗೌರಮ್ಮನವರ ಜೊತೆ ಬಳ್ಳಿಗಾವಿಯ ಗುಡಿಗೆ ಹೋಗಿದ್ದೆ. ಶಿಲ್ಪಿ ಕಲ್ಲಿನಲ್ಲಿ ಬಳ್ಳಿ, ಮಣಿ, ಹಂಸ ಎಲ್ಲವನ್ನೂ ಬಿಡಿಸಿ, ಮೇಲೆ ಕಣ್ಣು ಗುಡ್ಡೆ ಹೊರಗೆ ಬಿದ್ದ ಒಂದು ಸಿಂಹದ ಮೋರೆ ಕೂರಿಸಿದ್ದ. ಅದಕ್ಕೆ ಕೀರ್ತಿಮುಖ ಎನ್ನುತ್ತಾರೆ ಎಂದು ನಾನು ಟೀಚರ್ ಧಾಟಿಯಲ್ಲಿ ವಿವರಿಸಹೊರಟೆ. ಗೌರಮ್ಮ, "ಗೊತ್ತು ಬಿಡ್ರಿ. ಕಲ್ಲಿಗೂ ತಾಗ್ತದೆ" ಎಂದು ಕೈ ಮುಗಿದರು. ಆ ಶಿಲ್ಪಿಗೂ ಒಬ್ಬ ಬೀಗಿತ್ತಿ ಇದ್ದಿರಬೇಕು ಎಂದುಕೊಂಡೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೋದ ಚಳಿಗಾಲದ ಒಂದು ಭಾನುವಾರ ನಾವು ಪ್ರಾಣಿ ನೋಡಲು ಹೋದೆವು. ಬಳ್ಳಿಗಾವಿಗೆ ಹೋಗುವ ದಾರಿಯಲ್ಲಿ ಯಾರೋ ದಂಪತಿ ತಮ್ಮ ಹೊಲದ ಒಂದು ತುಂಡಿಗೆ ಬೇಲಿ ಹಾಕಿ 'ಮಕ್ಕಳ ಮಿನಿ ಝೂ' ಮಾಡಿದ್ದಾರೆಂದು ಸುದ್ದಿಯಾಗಿತ್ತು. ಹುಲಿ ಸಿಂಹ ಏನೂ ಇಲ್ಲ. ಮಕ್ಕಳು ಹತ್ತಿರ ಹೋಗಿ ಮುಟ್ಟಬಹುದಾದಂಥವು ಮಾತ್ರ: ಮೊಲ, ಆಡು, ಬಾತು, ಟರ್ಕಿ ಕೋಳಿ, ಒಂದು ಕುಳ್ಳ ಕುದುರೆ. ಸುಮಾ ಶನಿವಾರವೇ ನಮ್ಮ ಮನೆಗೆ ಬಂದಳು. ಜೊತೆಗೆ ಎರಡೂವರೆ ವರ್ಷದ ಶಮಂತ, ಗೌರಮ್ಮನವರ ಮಗಳ ಮಗಳು ಮೂರು ತುಂಬಿದ ಪ್ರಣತಿ, ಮತ್ತು ಇಬ್ಬರ ಕಾವಲಿಗೆ ಸ್ವತಃ ಗೌರಮ್ಮ. "ಆಡು ಮುಟ್ಟಕ್ಕೆ ಕಾರ್ ಮಾಡ್ಕೊಂಡು ಹೋಗೋ ಕಾಲ ಬಂತಲ್ರಿ ಅಕ್ಕಾರೆ" ಎಂದು ನಗುತ್ತಲೇ ಅವರು ಡಿಕ್ಕಿಗೆ ಒಂದು ಹೊರೆ ಹಲಸಿನ ಸೊಪ್ಪು ತುಂಬಿದರು. ಜಡೆಯಿಂದಲೇ ಕಟ್ಟಿ ತಂದದ್ದು. ಮಕ್ಕಳಿರುವ ಮನೆಗೆ, ಆಡಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದಂತೆ.

ಹೊರಡುವ ಮುಂಚೆ ಕಾಡಿಗೆ ಡಬ್ಬಿ ಹೊರಬಂತು. ಶಮಂತನ ಎಡಗೆನ್ನೆಗೆ ಹಳೇ ಎಂಟಾಣೆಯಷ್ಟು ಅಗಲದ ಬೊಟ್ಟು, ಅಂಗಾಲಿಗೆ ಇನ್ನೊಂದು. ಪ್ರಣತಿಗೂ ಹಾಗೇ. ಆ ಬೊಟ್ಟಿನಿಂದ ಶಮಂತನ ಕೆನ್ನೆ ಇನ್ನಷ್ಟು ಬೆಳ್ಳಗೆ, ಇನ್ನಷ್ಟು ಚೆಂದ ಕಾಣುತ್ತದೆ ಎಂಬುದು ಗೌರಮ್ಮನವರಿಗೆ ಹೊಳೆದೇ ಇಲ್ಲ. ಹೇಳೋಣವೆಂದು ಬಾಯಿ ತೆರೆದೆ. ಸುಮಾ ಸ್ಟಿಯರಿಂಗ್ ಹಿಂದಿನಿಂದ, "ಅಮ್ಮಾ" ಎಂದಳು. ಮುಚ್ಚಿದೆ.

ಝೂ ನೋಡಿಕೊಳ್ಳುವಾಕೆ ರತ್ನಕ್ಕ ಎಂಬ ನಡುವಯಸ್ಸಿನ ಗಟ್ಟಿಗಿತ್ತಿ. ಗಂಡ ಹೊಲ ನೋಡಿಕೊಂಡರೆ ಈಕೆ ಝೂ ನೋಡಿಕೊಳ್ಳುತ್ತಾಳೆ. ಹಲಸಿನ ಸೊಪ್ಪು ನೋಡಿ ಆಕೆ, "ಬರೋರೆಲ್ಲ ಬಿಸ್ಕಿಟ್ ತರ್ತಾರ್ರಿ, ನೀವೊಬ್ರು ತಿನ್ನೋದು ತಂದ್ರಿ ನೋಡ್ರಿ" ಎಂದಳು. ಆಡುಗಳಂತೂ ಗೌರಮ್ಮನವರನ್ನು ಬಂಧುವಿನ ಹಾಗೆ ಸುತ್ತುವರಿದವು.

ಮಕ್ಕಳನ್ನು ಪ್ರಾಣಿ ತೋರಿಸಲು ಕರೆದುಕೊಂಡು ಹೋಗುವುದು ದೊಡ್ಡವರ ಭ್ರಮೆ. ಶಮಂತ ಮೊದಲ ಅರ್ಧ ಗಂಟೆ ನೋಡಿದ್ದು ನಲ್ಲಿಯನ್ನು. ಬಾತುಗಳ ಹೊಂಡಕ್ಕೆ ನೀರು ಬಿಡುವ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಷ್ಟು ದೂರ ಪೆಟ್ರೋಲ್ ಸುಟ್ಟು ಬಂದ ನಾವು, "ಬಾತು ನೋಡು, ಬಾತು ನೋಡು" ಎಂದು ಬಾಯಿ ಬಡಿದುಕೊಂಡರೂ ಅವನು ಒಂದೊಂದು ಹನಿ ಬಿದ್ದಾಗಲೂ "ಬಿತ್ತು!" ಎಂದು ಕೂಗಿ ಚಪ್ಪಾಳೆ ತಟ್ಟುತ್ತಿದ್ದ. ಬಾತುಗಳೇ ಹೊಂಡದಿಂದ ಎದ್ದು ಬಂದು ಅವನನ್ನು ನೋಡುತ್ತ ನಿಂತವು. ಅವುಗಳಿಗೆ ಅಂದು ಒಳ್ಳೆಯ ಝೂ ಸಿಕ್ಕಿತ್ತು. ಪ್ರಣತಿ ಕುಳ್ಳ ಕುದುರೆಯ ಹತ್ತಿರ ಹೋಗಿ, ಜಡೆಯ ಹಸುವಿಗೆ ಮಾಡುವ ಹಾಗೆ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕುದುರೆ ಅಂಥ ಮರ್ಯಾದೆಯನ್ನು ಹಿಂದೆ ಕಂಡಿರಲಿಲ್ಲವೋ ಏನೋ, ಅಲುಗಾಡದೆ ನಿಂತಿತು. ಹಿಂದಿದ್ದ ಬೇರೆ ಮಕ್ಕಳೂ ಸಾಲಾಗಿ ಬಂದು ಮುಟ್ಟಿ ಕಣ್ಣಿಗೆ ಒತ್ತಿಕೊಂಡವು. ತೀರ್ಥ ಪ್ರಸಾದ ಒಂದು ಬಾಕಿ.

ಟರ್ಕಿ ಕೋಳಿಯ ಹತ್ತಿರ ನಮಗೆಲ್ಲ ಸ್ವಲ್ಪ ಗೊಂದಲವಾಯಿತು. ನಮ್ಮಲ್ಲಿ ಒಂದೊಂದು ಪ್ರಾಣಿಯನ್ನು ಕರೆಯುವುದಕ್ಕೆ ಒಂದೊಂದು ಸದ್ದಿದೆ, ಓಡಿಸುವುದಕ್ಕೆ ಇನ್ನೊಂದಿದೆ. ಕೋಳಿಯನ್ನು 'ಬಾ ಬಾ ಬಾ' ಎಂದು ಕರೆದು 'ಹುಶ್' ಎಂದು ಓಡಿಸುತ್ತೇವೆ; ನಾಯಿಯನ್ನು 'ಹಚಾ' ಎಂದು ಅಟ್ಟುತ್ತೇವೆ. ಸೀಮೆ ದಾಟಿ ಬಂದ ಟರ್ಕಿಯನ್ನು ಏನೆಂದು ಕರೆಯುವುದು? ಅದೋ ಕೆಂಪು ಜೋಲು ಕತ್ತು ಇಳಿಬಿಟ್ಟುಕೊಂಡು, ಎದೆ ಉಬ್ಬಿಸಿ, ಮದುವೆ ಮನೆಯ ಹಿರಿಯರ ಠೀವಿಯಲ್ಲಿ ನಿಂತಿತ್ತು. ಗೌರಮ್ಮ ಎರಡು ಕ್ಷಣ ನೋಡಿ, ಸೆರಗು ಸರಿಮಾಡಿಕೊಂಡು, "ಬರ್ರಿ, ಬರ್ರಿ" ಎಂದರು. ಟರ್ಕಿ ಬಂತು. ನಾನೂ ಸುಮಾಳೂ ಬೇಲಿ ಹಿಡಿದುಕೊಂಡು ನಕ್ಕೆವು, ಹೊಟ್ಟೆ ನೋವು ಬರುವಷ್ಟು.

ಆಮೇಲೆ ಮೊಲದ ಮನೆ. ತಂತಿ ಬಲೆಯ ಗೂಡಿನೊಳಗೆ ಹುಲ್ಲು ಹಾಸಿ ನಾಲ್ಕಾರು ಮೊಲ ಬಿಟ್ಟಿದ್ದರು. ಅದರಲ್ಲಿ ಒಂದು ಪೂರ್ತಿ ಬಿಳಿ, ಮುಷ್ಟಿಯಷ್ಟು ಮರಿ. ರತ್ನಕ್ಕ ಅದನ್ನೆತ್ತಿ ಹೊರಗಿನ ಬುಟ್ಟಿಯಲ್ಲಿ ಕೂರಿಸಿದಳು. ನೋಡಿದರೆ ಅದರ ಎಡಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು! "ದಿನಾ ಎಷ್ಟ್ ಜನ ಬಂದು ನೋಡ್ತಾರ್ರಿ, ಪಾಪದ್ದು ತಡಕೋಬೇಕಲ್ರಿ" ಎಂದಳು ರತ್ನಕ್ಕ. ಗೌರಮ್ಮ ಆಕೆಯನ್ನು ನೋಡಿದ ನೋಟದಲ್ಲಿ ಇದ್ದ ಮೆಚ್ಚುಗೆಯನ್ನು ನಾನು ನನ್ನ ಕಡೆ ಒಮ್ಮೆಯೂ ಕಂಡಿಲ್ಲ.

ಶಮಂತ ಬೊಟ್ಟು ನೋಡಿದ. ತನ್ನ ಕೆನ್ನೆ ಮುಟ್ಟಿಕೊಂಡ, ಪ್ರಣತಿಯ ಕೆನ್ನೆ ಮುಟ್ಟಿದ, ಮೊಲದ ಕೆನ್ನೆಗೆ ಬೆರಳು ಚಾಚಿದ. "ಪಾಪು!" ಎಂದ. ಅವನ ಲೆಕ್ಕದಲ್ಲಿ ಕೆನ್ನೆಗೆ ಬೊಟ್ಟಿದ್ದವರೆಲ್ಲ ಪಾಪುಗಳು. ಕಿವಿ ಉದ್ದವಾದರೇನು, ಬಾಲವಿದ್ದರೇನು. ಅಲ್ಲಿಂದ ಅವನಿಗೆ ನಲ್ಲಿ ಬೇಡ, ನಾವು ಬೇಡ. ನೆಲಕ್ಕೆ ಕುಕ್ಕರಿಸಿ ಕೂತು, ಹುಲ್ಲಿನ ಎಸಳು ಒಂದೊಂದಾಗಿ ಎತ್ತಿ, ನಾವು ಅವನಿಗೆ ಉಣಿಸುವ ಹಾಗೆಯೇ "ಆ ಮಾಡು, ಆ ಮಾಡು" ಎನ್ನುತ್ತ ಮೊಲದ ಬಾಯಿಗೆ ಹಿಡಿದ. ಮೊಲ ಮೂಗು ಅಲ್ಲಾಡಿಸುತ್ತ ತಿಂದಿತು. ಅವನ ಆನಂದ ನೋಡಿ ನನ್ನ ಕಣ್ಣು ತುಂಬಿಬಂತು. ಈಗ ಅವನನ್ನು ಹೊಗಳದಿದ್ದರೆ ಎದೆ ಒಡೆದೇಹೋಗುತ್ತದೆ ಅನ್ನಿಸಿತು. ಆದರೆ ಗೌರಮ್ಮ ಪಕ್ಕದಲ್ಲೇ ಇದ್ದರು.

ಆಗ ನನಗೊಂದು ಉಪಾಯ ಹೊಳೆಯಿತು. ಮೊಲಕ್ಕೆ ಬೀಗಿತ್ತಿ ಇಲ್ಲವಲ್ಲ!

ಶುರುಮಾಡಿದೆ ನೋಡಿ. "ಆಹಾ, ಏನ್ ಬಣ್ಣ! ಏನ್ ಮೈ! ಕಣ್ಣು ನೋಡ್ರಿ, ಮಣಿ ಪೋಣಿಸಿದಂಗ. ಎಷ್ಟ್ ಮೆತ್ತಗ ತಿಂತೈತಿ. ಎಂಥ ಜಾಣ. ಇಂಥಾದ್ದು ಏಳು ಹಳ್ಳ್ಯಾಗ ಹುಡುಕಿದ್ರೂ ಸಿಗಂಗಿಲ್ಲ" ಎಂದು ಎರಡು ವರ್ಷದ ಬಾಕಿಯನ್ನೆಲ್ಲ ಆ ಮೊಲದ ಮೇಲೆ ಸುರಿದೆ. ಕಣ್ಣು ಮೊಲದ ಮೇಲಿತ್ತು, ಮನಸ್ಸು ಪಕ್ಕದಲ್ಲಿ ಕುಕ್ಕರಿಸಿದ್ದ ಇನ್ನೊಂದು ಬೊಟ್ಟಿನ ಮೇಲಿತ್ತು. ಹೊಟ್ಟೆ ಹಗುರಾಗುತ್ತ ಬಂತು.

ಮೊಲ ತಿನ್ನುವುದನ್ನು ನಿಲ್ಲಿಸಿತು.

ಶಮಂತ ಹುಲ್ಲು ಹಿಡಿದ. ಮೂಗು ಆಚೆ ತಿರುಗಿಸಿತು. ಇನ್ನೊಂದು ಎಸಳು ಹಿಡಿದ. ಬುಟ್ಟಿಯ ಮೂಲೆಗೆ ಹೋಗಿ ನಮ್ಮೆಲ್ಲರಿಗೂ ಬೆನ್ನು ಹಾಕಿ ಮುದುಡಿ ಕೂತಿತು. "ಪಾಪು ಊಟ ಬ್ಯಾಡಂತೆ" ಎಂದ ಶಮಂತನ ಕೆಳತುಟಿ ನಿಧಾನವಾಗಿ ಹೊರಬಂತು, ಅಳುವಿಗೆ ಮುಂಚೆ ಬರುವಂತೆ. ಗೌರಮ್ಮ ಮೊಲವನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನಾನು ಅಪರಾಧಿಯ ಹಾಗೆ ಕಾಲ್ಬೆರಳು ನೋಡಿಕೊಂಡೆ. ನಾನೇ ನಂಬದ ಮಾತನ್ನು ಅಂದು ಅರೆಗಳಿಗೆ ನಂಬಿಬಿಟ್ಟೆ: ನನ್ನ ಕಣ್ಣು ನಿಜಕ್ಕೂ ಖಾರವೇ? ಇದೇ ಕಣ್ಣಿನಿಂದ ಅಲ್ಲವೇ ನಾನು ಆ ಮಗುವನ್ನೂ ನೋಡುವುದು ಎಂದು ಒಂದು ಸಲ ಹೆದರಿಕೆಯೂ ಆಯಿತು.

"ಬೆಳಗಿಂದ ಎಲ್ರೂ ತಿನ್ನಿಸ್ಯಾರ್ರಿ, ಹೊಟ್ಟಿ ತುಂಬಿರ್ತತಿ" ಎಂದಳು ರತ್ನಕ್ಕ. ಗೌರಮ್ಮ ಒಪ್ಪಲಿಲ್ಲ. "ಉಪ್ಪು ಮೆಣಸಿನಕಾಯಿ ಐತೇನವ್ವ?" ಎಂದರು. ಇಲ್ಲದೆ ಏನು, ರತ್ನಕ್ಕ ದಿನಾ ಸಂಜೆ ಬಾಗಿಲು ಹಾಕಿದ ಮೇಲೆ ಮಾಡುವ ಕೆಲಸವೇ ಅದು. ಅಡುಗೆ ಚಪ್ಪರದಲ್ಲಿ ಡಬ್ಬಿಯೇ ತಯಾರಿತ್ತು. ಗೌರಮ್ಮ ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬುಟ್ಟಿಯ ಮೇಲೆ ನಿವಾಳಿಸಿದರು. "ಶಿಕಾರಿಪುರದ ಕಣ್ಣು, ಸೊರಬದ ಕಣ್ಣು, ಹೊಸಬಾಳೆ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು" ಎಂದು ಹೇಳುತ್ತ ಬಂದವರು ನನ್ನ ಕಡೆ ತಿರುಗಿ ಸ್ವಲ್ಪ ತಡೆದು, "ನಮ್ಮೋರ ಕಣ್ಣು" ಎಂದು ಸೇರಿಸಿ, "ಥೂ, ಥೂ, ಥೂ" ಎಂದರು. ಶಮಂತ ಅಳು ಮರೆತು ಬಾಯಿ ತೆರೆದು ನೋಡುತ್ತಿದ್ದ.

ಮುಂದೆ ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಬೇಕು. ಇದರ ಕಾನೂನು ನಮ್ಮ ಕಡೆ ಎಲ್ಲರಿಗೂ ಗೊತ್ತು: ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ತಾಗಿರದಿದ್ದರೆ ಘಾಟು ಎದ್ದು ಕೆಮ್ಮು ಬರುತ್ತದೆ. ಎಲ್ಲರೂ ಚಪ್ಪರದ ಕಟ್ಟಿಗೆ ಒಲೆಯ ಸುತ್ತ ನಿಂತೆವು. ಗೌರಮ್ಮ ಕೈ ಬಿಚ್ಚಿದರು. ನಾನು ನ್ಯಾಯಾಲಯದ ಕಟಕಟೆಯಲ್ಲಿ ನಿಂತವಳಂತೆ ಉಸಿರು ಹಿಡಿದು ಕಾದೆ.

ಮೊದಲು ಸುಮಾ ಕೆಮ್ಮಿದಳು. ಆಮೇಲೆ ರತ್ನಕ್ಕ. ಆಮೇಲೆ ಹೇಳುವುದೇ ಬೇಡ, ಅಸಲು ಖಾರದ ಮೆಣಸಿನಕಾಯಿ ಇರಬೇಕು, ಆ ಘಾಟಿಗೆ ಆಚೆಯ ಆಡುಗಳೂ ಸೀನಿದವು. ಸುಮಾ ಮಕ್ಕಳನ್ನು ಎರಡೂ ಕಂಕುಳಲ್ಲಿ ಎತ್ತಿಕೊಂಡು ಓಡಿದಳು. ಗೌರಮ್ಮ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನೂ ಕೆಮ್ಮಿದೆ. ಆದರೆ ಅಷ್ಟು ಸಂತೋಷದಿಂದ ಜನ್ಮದಲ್ಲಿ ಕೆಮ್ಮಿರಲಿಲ್ಲ. ಅವರದೇ ಕಾನೂನಿನಂತೆ, ಅವರದೇ ಕೈಯಿಂದ, ನನ್ನ ಕಣ್ಣು ಖುಲಾಸೆಯಾಗಿತ್ತು. "ಗೌರಮ್ಮಾರೆ, ಘಾಟು... ಘಾಟು ಬಂತ್ರಿ!" ಎಂದೆ. "ಬಂತು ಬಿಡ್ರಿ. ಅದು ಮೊಲದ ವಿಷ್ಯ" ಎಂದರು ಕೆಮ್ಮಿನ ನಡುವೆ. ಸೋಲೊಪ್ಪುವುದು ಅಷ್ಟು ಸುಲಭವಲ್ಲ. ನಾವು ಹಿಂದಿರುಗುವ ಹೊತ್ತಿಗೆ, ನಾಲ್ಕು ನಿಮಿಷ ಯಾರೂ ಮುಖದ ಮೇಲೆ ಬಿದ್ದಿರದ ಮೊಲ ಈಚೆ ತಿರುಗಿ ತಾನಾಗಿಯೇ ಹುಲ್ಲು ಮೆಲ್ಲುತ್ತಿತ್ತು.

ಹೊರಡುವ ಮುಂಚೆ ಕಣ್ಣೊರೆಸಿಕೊಳ್ಳುತ್ತ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಶಮಂತ ತಟಪಟನೆ ಹೆಜ್ಜೆಯಿಡುತ್ತ ಬಂದ. ಬಲಗೈ ಮುಷ್ಟಿ ಬಿಗಿಯಾಗಿತ್ತು. ನನ್ನ ಎದುರು ನಿಂತು, ಆ ಮುಷ್ಟಿಯನ್ನು ನನ್ನ ಮುಖದ ಮುಂದೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಸುತ್ತಿಸತೊಡಗಿದ. ಬಾಯಲ್ಲಿ ಏನೋ ಮಣಮಣ. ನಡುವೆ "ಕಣ್ಣು, ಕಣ್ಣು" ಎಂಬುದಷ್ಟೇ ತಿಳಿಯಿತು. ಕಡೆಗೆ "ಥೂ, ಥೂ" ಎಂದು ನಿಜವಾಗಿಯೂ ಉಗಿದ, ನನ್ನ ಕನ್ನಡಕದ ಮೇಲೆ. ಮುಷ್ಟಿ ಬಿಚ್ಚಿದರೆ ಒಳಗೆ ಉಪ್ಪಿಲ್ಲ, ಮೆಣಸಿನಕಾಯಿಯಿಲ್ಲ, ಆಡಿನ ಹಿಕ್ಕೆ.

"ಅಯ್ಯೋ, ಯಾಕೋ ಅಜ್ಜಿಗೆ?" ಎಂದು ಸುಮಾ ಓಡಿ ಬಂದಳು. ಉತ್ತರ ಕೊಟ್ಟಿದ್ದು ಮೂರು ವರ್ಷದ ಪ್ರಣತಿ, ಇಷ್ಟೂ ತಿಳಿಯದೇ ಎಂಬ ದನಿಯಲ್ಲಿ: "ಅತ್ತೆ, ಟೀಚರಜ್ಜಿ ಚಂದ ಅದಾರಲ್ಲ, ಅದಕ್ಕೆ."

ನನ್ನ ಅವ್ವ ಹೋದ ಮೇಲೆ ನನ್ನ ದೃಷ್ಟಿ ತೆಗೆದವರಿಲ್ಲ. ಯಾರು ತೆಗೆಯುತ್ತಾರೆ? ಮಂಡಿ ನೋವು, ನರೆಗೂದಲು, ದಪ್ಪ ಕನ್ನಡಕದ ನಿವೃತ್ತ ಟೀಚರಿಗೆ ಯಾರ ಕಣ್ಣು ತಾಗೀತು ಎಂದು? ಕನ್ನಡಿಯೇ ನನ್ನನ್ನು ಪೂರ್ತಿ ನೋಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಎರಡೂವರೆ ವರ್ಷದ ಮಹಾಶಯ ಮಾತ್ರ ನನ್ನನ್ನು ಕಾಪಾಡಬೇಕಾದ ವಸ್ತು ಎಂದು ತಿಳಿದು ಮುಷ್ಟಿ ತುಂಬ ಹಿಕ್ಕೆ ತಂದಿದ್ದ. ನಾನು ಅವನನ್ನು ತಬ್ಬಿಕೊಂಡು ಅತ್ತೆ. ನಕ್ಕೆ ಕೂಡ. ಎರಡೂ ಒಟ್ಟಿಗೇ ಬಂದವು.

ಗೌರಮ್ಮ ಅವನ ಕೈ ತೊಳೆಸಿ, ನನ್ನ ಕನ್ನಡಕವನ್ನು ತಮ್ಮ ಸೆರಗಿನಲ್ಲಿ ಒರೆಸಿ ನನ್ನ ಮೂಗಿನ ಮೇಲೆ ತಾವೇ ಕೂರಿಸಿದರು. ಅವರ ಕಣ್ಣೂ ಕೆಂಪಾಗಿತ್ತು, ಘಾಟೆಂದರು. ಕಾರಿನ ಬಾಗಿಲ ಬಳಿ ನಿಂತು ಇದ್ದಕ್ಕಿದ್ದಂತೆ, "ಅಕ್ಕಾರೆ, ಇವತ್ತೊಂದಿನ ಏನ್ ಹೊಗಳ್ಬೇಕೋ ಹೊಗಳಿಬಿಡ್ರಿ. ಸಂಜೆಗೆ ನಾನು ತೆಗೀತೀನಿ" ಎಂದರು.

ಸುಮಾ ಗಾಡಿ ಶುರು ಮಾಡುವುದನ್ನು ಬಿಟ್ಟು ಹಿಂದೆ ತಿರುಗಿ ನೋಡಿದಳು. ನನಗೆ ಎರಡನೇ ಸಲ ಹೇಳಬೇಕೇ? ಕಾರು ಶಿರಾಳಕೊಪ್ಪ ದಾಟುವಷ್ಟರಲ್ಲಿ ಅವನ ಹಣೆ, ಹುಬ್ಬು, ಸುಟ್ಟ ಗೆಣಸಿನಂಥದ್ದೆಂದು ಹೆಸರಾದ ಆ ಮೂಗು ಎಲ್ಲವನ್ನೂ ಮುಗಿಸಿದ್ದೆ. ಅವನ ನಗು, ಅವನ ತೊದಲು, ಮೊಲಕ್ಕೆ ಹುಲ್ಲು ಹಿಡಿದ ಕೈಯ ನಯ, ಯಾವುದನ್ನೂ ಬಿಡಲಿಲ್ಲ. ಪ್ರಣತಿಯ ಮಾತಿನ ಠೀವಿಯನ್ನೂ ಸೇರಿಸಿದೆ, ಅವಳಿಗೆ ಬೇಸರವಾಗಬಾರದಲ್ಲ. ಮಕ್ಕಳಿಬ್ಬರೂ ನನ್ನ ಎರಡು ತೊಡೆಯ ಮೇಲೆ ತಲೆಯಿಟ್ಟು ಎಂದೋ ನಿದ್ದೆಹೋಗಿದ್ದರು. ಮುಂದಿನ ಸೀಟಿನಲ್ಲಿ ಗೌರಮ್ಮ ಗೊಂಬೆಯಂತೆ ಕೂತು, ರಸ್ತೆಯನ್ನೇ ನೋಡುತ್ತ ಕೇಳುತ್ತಿದ್ದರು. ಬೇಸರವಾಯಿತೇನೋ, ಇಷ್ಟು ಸಾಕು ಎಂದುಕೊಂಡು ನಾನೇ ಸುಮ್ಮನಾದೆ.

ಸ್ವಲ್ಪ ದೂರ ಹೋದ ಮೇಲೆ, ತಲೆ ತಿರುಗಿಸದೆ, ಮೆಲ್ಲಗೆ ಅಂದರು:

"ಕಿವಿ ಬಿಟ್ರಿ ಅಕ್ಕಾರೆ. ಅವನ ಕಿವಿ ಎಷ್ಟು ಚಂದ ಅದಾವೆ, ನೋಡೇ ಇಲ್ಲ ನೀವು."